ಉಳಿಯಲು ಬರುವ ನೆಂಟರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರಾತ್ರಿ ಉಳಿಯುವ ನೆಂಟರ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡುಗೆಯನ್ನೇ ಕೇಳಿವೆ. ಅದಕ್ಕೂ ಉತ್ತರ ಕೊಟ್ಟಿದ್ದೇವೆ, ಆದರೆ ಮೊದಲ ಸರದಿ ಅದರದ್ದಲ್ಲ. ಪಲ್ಯ ಒಂದು ಕಡಿಮೆಯಾಯಿತೆಂದು ಯಾರೂ ನೊಂದುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಚ್ಚಲಿನ ಸ್ವಿಚ್ ಸಿಗದೆ ಗೋಡೆ ತಡಕಾಡಿದವರು, ಬೆಳಿಗ್ಗೆ ಟಾಯ್ಲೆಟ್ ಬಾಗಿಲ ಮುಂದೆ ಕಾದು ನಿಂತವರು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಮುಂದಿನ ಸಲ ಸಂಜೆಯ ಬಸ್ಸಿಗೇ ಹೊರಟುಬಿಡುತ್ತಾರೆ. ಆದ್ದರಿಂದ ನೀರು, ಶೌಚ, ನಿದ್ದೆ ಈ ಮೂರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟ್. ಮನೆಯಲ್ಲಿ ನಾಲ್ವರು. ಡಿಸೆಂಬರಿನಲ್ಲಿ ಸತ್ಯನಾರಾಯಣ ಪೂಜೆಗೆ ಹಾಸನದಿಂದ ಅತ್ತೆ, ಮಾವ, ನಾದಿನಿಯ ಸಂಸಾರ ಸೇರಿ ಆರು ಜನ ಬಂದು ಎರಡು ರಾತ್ರಿ ಇರುತ್ತಾರೆ. ಎರಡು ಬಚ್ಚಲುಮನೆಗಳಿವೆ, ಎರಡರಲ್ಲೂ 15 ಲೀಟರಿನ ಗೀಸರ್, ಟಾಯ್ಲೆಟ್ ಕೂಡ ಅಲ್ಲೇ. ಎಂಟು ಗಂಟೆಗೆ ಪೂಜೆ ಶುರುವಾಗಬೇಕು. ಹತ್ತು ಜನರ ಸ್ನಾನ ಹೇಗೆ? ಎಲ್ಲರನ್ನೂ ಎಲ್ಲಿ ಮಲಗಿಸಲಿ?

ಐದು ಗಂಟೆಗೆ ಶುರುಮಾಡಿದರೆ ಆಗುತ್ತದೆ. ಲೆಕ್ಕ ಹೀಗಿದೆ. 15 ಲೀಟರ್ ಗೀಸರಿನ ಕಾಯಿಲ್ ಸಾಮಾನ್ಯವಾಗಿ 2 ಕಿಲೋವ್ಯಾಟಿನದು. 22 ಡಿಗ್ರಿಯ ನೀರು 60 ಡಿಗ್ರಿಗೆ ಕಾಯಲು 20 ನಿಮಿಷ ಬೇಕು. ಅದಕ್ಕೆ ತಣ್ಣೀರು ಬೆರೆಸಿದರೆ ಮೈಗೆ ಹಿತವಾಗುವಂಥ ನೀರು ಲೆಕ್ಕದಲ್ಲಿ 30 ಲೀಟರ್. ಆದರೆ ಬಿಸಿನೀರು ಹೊರಗೆ ಬಂದಷ್ಟೂ ತಣ್ಣೀರು ಒಳಗೆ ಸೇರುವುದರಿಂದ ಕೊನೆಯ ಭಾಗ ಉಗುರುಬೆಚ್ಚಗಾಗುತ್ತದೆ. 25 ಲೀಟರ್ ಎಂದಿಟ್ಟುಕೊಳ್ಳಿ, ಅಂದರೆ ಒಂದೂಕಾಲು ಬಕೆಟ್, ಒಬ್ಬರ ಸ್ನಾನ. ಶವರ್ ಬಿಟ್ಟರೆ ಇಷ್ಟು ನೀರು ಮೂರು ನಿಮಿಷಕ್ಕೆ ಖಾಲಿ. ನೆಂಟರಿಗೆ "ಬಕೆಟ್ಟಿನಲ್ಲಿ ಹಿಡಿದುಕೊಳ್ಳಿ, ಶವರಿಗೆ ನೀರು ಸಾಲದು" ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ. ತಲೆಗೆ ಸೋಪು ಹಚ್ಚಿಕೊಂಡ ಮೇಲೆ ತಣ್ಣೀರು ಬರುವುದಕ್ಕಿಂತ ಹೇಳುವುದೇ ಮೇಲು. ಒಬ್ಬರ ಸ್ನಾನ ಮುಗಿದು ಮತ್ತೆ ನೀರು ಕಾಯಲು ತಲೆಗೆ 25 ನಿಮಿಷ.

ನಿಜವಾಗಿ ಇಕ್ಕಟ್ಟಾಗುವುದು ಸ್ನಾನದಿಂದಲ್ಲ, ಸ್ನಾನಕ್ಕೆ ಹೋದವರು ಟಾಯ್ಲೆಟ್ಟನ್ನೂ ಹಿಡಿದುಕೊಳ್ಳುವುದರಿಂದ. ಕಾಫಿ ಕುಡಿದ ಹದಿನೈದು ನಿಮಿಷಕ್ಕೆ ನಾಲ್ಕು ಜನರಿಗೆ ಒಟ್ಟಿಗೇ ಅವಸರವಾಗುತ್ತದೆ. ಹಾಗಾಗಿ ಹಾಲಿನ ಪಕ್ಕದ ಬಚ್ಚಲಿನಲ್ಲಿ ಐದರಿಂದ ಆರರೊಳಗೆ ಇಬ್ಬರ ಸ್ನಾನ ಮುಗಿಸಿ, ಆರರಿಂದ ಆರೂವರೆವರೆಗೆ ಅದನ್ನು ಟಾಯ್ಲೆಟ್ಟಿಗೆಂದೇ ಬಿಡಿ. ಆರೂವರೆಯ ಮೇಲೆ ಮತ್ತಿಬ್ಬರು. ಒಳಗಿನ ಬಚ್ಚಲಿನಲ್ಲಿ ಐದರಿಂದ ಏಳೂವರೆವರೆಗೆ ಆರು ಜನ. ಪೂಜೆಗೆ ಕೂರುವ ದಂಪತಿ ಮತ್ತು ಮಡಿಯಲ್ಲಿ ನೈವೇದ್ಯ ಮಾಡುವವರು ಮೊದಲು. ಮಕ್ಕಳಿಗೆ ರಾತ್ರಿಯೇ ಸ್ನಾನ ಮಾಡಿಸಿದರೆ ಬೆಳಿಗ್ಗೆ ಒಂದಷ್ಟು ಬಿಡುವು ಸಿಗುತ್ತದೆ. ಹಲ್ಲುಜ್ಜುವುದು, ಮುಖ ತೊಳೆಯುವುದು ಯುಟಿಲಿಟಿಯ ಸಿಂಕಿನಲ್ಲಿ ನಡೆಯಲಿ. ಅಲ್ಲೊಂದು ಕನ್ನಡಿ, ಟವೆಲ್ಲು ನೇತುಹಾಕಿ. ಎರಡು ಗೀಸರ್ ಓಡುವಾಗ ಇಂಡಕ್ಷನ್ ಒಲೆಯನ್ನೂ ಹಾಕಿದರೆ 6 ಕಿಲೋವ್ಯಾಟ್ ಆಗುತ್ತದೆ, ಮುಖ್ಯ ಎಂಸಿಬಿ ಬೀಳುವುದು ಆಗಲೇ. ಆ ಎರಡೂವರೆ ಗಂಟೆ ಅಡುಗೆಗೆ ಗ್ಯಾಸ್ ಒಲೆಯೊಂದೇ ಇರಲಿ. ನೀರು ಸಾಲದೆಂದು ಬಕೆಟ್ಟಿಗೆ ಕಾಯಿಸುವ ರಾಡ್ ಹಾಕಿ ಬಚ್ಚಲಿನಲ್ಲಿ ಬಿಡುವ ರೂಢಿ ಇದೆ. ಮನೆ ಹೊಸದಾದವರು ಪ್ಲಗ್ ಕೀಳದೆ ನೀರಿಗೆ ಕೈ ಇಡುತ್ತಾರೆ. ರಾಡ್ ಬೇಡವೇ ಬೇಡ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹತ್ತು ಲೀಟರ್ ಕಾಯಿಸಿ ತಂದು ಬೆರೆಸಿ.

ನೀರು ತಲೆಗೆ 100 ಲೀಟರ್ ಎಂದು ಹಿಡಿಯಿರಿ. ಹತ್ತು ಜನರಿಗೆ ದಿನಕ್ಕೆ 1000 ಲೀಟರ್. ಸ್ವಂತ ಟ್ಯಾಂಕ್ ಇದ್ದರೆ ಮಲಗುವ ಮುಂಚೆ ಮೋಟರ್ ಹಾಕಿ ತುಂಬಿಸಿಕೊಳ್ಳಿ. ಟ್ಯಾಂಕರ್ ನೀರು ತರಿಸುವ ಅಪಾರ್ಟ್‌ಮೆಂಟ್ ಆದರೆ ಸಂಘದವರಿಗೆ ಎರಡು ದಿನ ಮೊದಲೇ ತಿಳಿಸುವುದು ಒಳ್ಳೆಯದು. ಕುಡಿಯುವ ನೀರಿನ ಕಡೆಗೂ ಗಮನ ಬೇಕು. ಮನೆಯ ಆರ್‌ಒ ಯಂತ್ರದ ತೊಟ್ಟಿ ಏಳೆಂಟು ಲೀಟರಿನದು, ಊಟದ ಹೊತ್ತಿಗೆ ಬರಿದಾಗುತ್ತದೆ. ಹಿಂದಿನ ದಿನವೇ ಎರಡು ಕೊಡ ಹಿಡಿದಿಡಿ. ಬಚ್ಚಲಿನ ನೆಲದ ಜಾಲರಿ ಎತ್ತಿ ಕೂದಲು, ಸೋಪಿನ ಗಸಿ ತೆಗೆದುಬಿಡಿ. ನಾಲ್ಕು ಜನ ಮೀಯುವಾಗ ನಿಧಾನವಾಗಿ ಇಳಿಯುತ್ತಿದ್ದ ನೀರು ಹತ್ತು ಜನರಿಗೆ ಹಿಮ್ಮಡಿವರೆಗೆ ನಿಲ್ಲುತ್ತದೆ. ಎರಡು ಬಚ್ಚಲಿಗೂ ಮುಚ್ಚಳವಿರುವ ಒಂದೊಂದು ಕಸದ ಡಬ್ಬಿ, ಪಕ್ಕದಲ್ಲಿ ಹಳೇ ಪತ್ರಿಕೆ ಇಡಿ. ಇವಿಲ್ಲದೆ ಹೋದಾಗಲೇ ಪ್ಯಾಡು ಕಮೋಡಿನ ಪಾಲಾಗಿ ಪೈಪು ಕಟ್ಟಿಕೊಳ್ಳುವುದು.

ಇನ್ನು ಮಲಗುವುದು. ಅತ್ತೆ ಮಾವನಿಗೆ ಬಚ್ಚಲು ಅಂಟಿಕೊಂಡಿರುವ ಕೋಣೆಯ ಮಂಚ ಬಿಟ್ಟುಕೊಡಿ. ಮಿಕ್ಕವರಲ್ಲಿ ಮೂವರಿಗೆ ಎರಡನೇ ಕೋಣೆ, ಉಳಿದವರಿಗೆ ಹಾಲ್. ಒಂಟಿ ಹಾಸಿಗೆ 3 ಅಡಿ ಅಗಲ, 6 ಅಡಿ ಉದ್ದ. 10 ಅಡಿ ಚೌಕದ ಕೋಣೆಯಲ್ಲಿ ಒಂದೇ ಗೋಡೆಗೆ ತಲೆ ಮಾಡಿ ಮೂರು ಹಾಸಿಗೆ ಹಾಕಿದರೆ ಕಾಲ ಕಡೆ 4 ಅಡಿ ಉಳಿಯುತ್ತದೆ, ಬ್ಯಾಗ್ ಇಡಲು, ರಾತ್ರಿ ಎದ್ದು ಓಡಾಡಲು ಸಾಕು. ನಾಲ್ಕನೆಯದನ್ನು ತುರುಕಿದರೆ ಬಾಗಿಲು ತೆರೆಯುವುದಿಲ್ಲ. ಆ ಗೋಡೆ ಉತ್ತರದ್ದಾಗದಂತೆ ನೋಡಿಕೊಳ್ಳಿ. ಉತ್ತರಕ್ಕೆ ತಲೆ ಹಾಕಿ ಮಲಗದವರು ಮಧ್ಯರಾತ್ರಿ ಹಾಸಿಗೆ ತಿರುಗಿಸಲು ಶುರುಮಾಡುತ್ತಾರೆ. ಡಿಸೆಂಬರಿನಲ್ಲಿ ಟೈಲ್ಸ್ ನೆಲ ಕೊರೆಯುತ್ತದೆ, ಹಾಸಿಗೆಯ ಕೆಳಗೆ ಚಾಪೆಯನ್ನೋ ಜಮಖಾನವನ್ನೋ ಹಾಸಿ. ಶಾಮಿಯಾನ ಅಂಗಡಿಯಲ್ಲಿ ಹಾಸಿಗೆ, ದಿಂಬು ಬಾಡಿಗೆಗೆ ಸಿಗುತ್ತವೆ. ತಂದವುಗಳ ಹೊಲಿಗೆಯನ್ನು ಬೆಳಕಿನಲ್ಲಿ ನೋಡಿಯೇ ಒಳಗೆ ಬಿಡಿ, ದಿಂಬಿಗೆ ನಿಮ್ಮದೇ ಕವರ್ ಹಾಕಿ.

ಬಚ್ಚಲಿನ ದೀಪ ಹೊತ್ತಿಸಿ ಬಾಗಿಲು ಅರ್ಧ ಓರೆ ಮಾಡಿಟ್ಟರೆ ರಾತ್ರಿಯ ತಡಕಾಟ ತಪ್ಪುತ್ತದೆ. ಹಾಸಿಗೆಯ ಹತ್ತಿರ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಮುಚ್ಚಿದ ಚೊಂಬಿನಲ್ಲಿ ನೀರು ಇರಲಿ. ಕರೆಂಟ್ ಹೋದರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ನಾಲ್ಕು ಹಳೇ ಫ್ಯಾನನ್ನು ಮೂರು ಗಂಟೆಯ ಮೇಲೆ ಎಳೆಯುವುದು ಕಷ್ಟ, ಹಾಗಾಗಿ ಟಿವಿ ಆರಿಸಿಬಿಡಿ.

ಪ್ರಶ್ನೆ: ನಮ್ಮದು ಗ್ಯಾಸ್ ಗೀಸರ್, ಬಚ್ಚಲಿನ ಒಳಗೇ ಇದೆ. ಎಷ್ಟು ಜನ ಬಂದರೂ ಬಿಸಿನೀರಿಗೆ ಬರವಿಲ್ಲ. ಆದರೆ ಹೋದ ಸಲ ನಾಲ್ಕನೆಯವರಾಗಿ ಸ್ನಾನಕ್ಕೆ ಹೋದ ಚಿಕ್ಕಮ್ಮನಿಗೆ ತಲೆ ಸುತ್ತಿತು. ಬಿಸಿ ಹೆಚ್ಚಾಗಿರಬಹುದೇ?

ಬಿಸಿಯೆಂದು ಸುಮ್ಮನಿರಬೇಡಿ. ಅದು ಕಾರ್ಬನ್ ಮೊನಾಕ್ಸೈಡ್ ಇರುವ ಸಾಧ್ಯತೆ ಬಹಳ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದಷ್ಟೂ ಆಮ್ಲಜನಕ ಕಡಿಮೆಯಾಗುತ್ತದೆ, ಉರಿ ಪೂರ್ತಿಯಾಗದೆ ಈ ವಿಷಾನಿಲ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುವುದು ಅದಕ್ಕೆ ವಾಸನೆ ಬೆರೆಸಿರುವುದರಿಂದ, ಇದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದಾಗ ಅನಿಲ ಹೊರಗೆ ಹೋಗಲು ಬಿಡುವೇ ಸಿಗುವುದಿಲ್ಲ, ಮೊದಲ ಮೂವರಿಗೆ ಏನೂ ಆಗದೆ ನಾಲ್ಕನೆಯವರಿಗೆ ತಲೆ ಸುತ್ತಿದ್ದಕ್ಕೆ ಕಾರಣ ಅದೇ. ತಲೆನೋವು, ವಾಕರಿಕೆ, ಕಾಲಲ್ಲಿ ಶಕ್ತಿಯಿಲ್ಲದಂತಾಗುವುದು ಇದರ ಲಕ್ಷಣ. ಅಷ್ಟರಲ್ಲಿ ಚಿಲಕ ತೆಗೆಯುವ ತ್ರಾಣವೂ ಇರುವುದಿಲ್ಲ. ಬೆಂಗಳೂರಿನಲ್ಲೇ ಹೀಗೆ ಜೀವಗಳು ಹೋಗಿವೆ.

ಗೀಸರನ್ನು ಯುಟಿಲಿಟಿ ಅಥವಾ ಬಾಲ್ಕನಿಗೆ, ಗಾಳಿಯಾಡುವ ಕಡೆಗೆ ಸ್ಥಳಾಂತರಿಸಿ, ಪೈಪಿನಲ್ಲಿ ಬಿಸಿನೀರು ಮಾತ್ರ ಬಚ್ಚಲಿಗೆ ಬರಲಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಂದಷ್ಟು ಹೊತ್ತು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಕಳಿಸಿ. ಕಿಟಕಿಯ ಗಾಜಿನ ಪಟ್ಟಿಗಳನ್ನು ಚಳಿಗೆಂದು ಮುಚ್ಚಬೇಡಿ. ಕೊಡಗು, ಚಿಕ್ಕಮಗಳೂರಿನ ಕಡೆ ನೆಂಟರಿಗೆ ಚಳಿಯಾದೀತೆಂದು ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಅಪಾಯ ಅದೇ, ಮಲಗುವ ಮುಂಚೆ ಹೊರಗೆ ಎತ್ತಿಡಲೇಬೇಕು.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ಮಾತ್ರ ಇದೆ. 74 ವರ್ಷದ ಚಿಗವ್ವ ಒಂದು ವಾರ ಇರಲು ಬರುತ್ತಾರೆ. ಮೊಣಕಾಲು ನೋವು, ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಒಂದು ವಾರಕ್ಕಾಗಿ ಕಮೋಡ್ ಕೂರಿಸಬೇಕೇ?

ಬೇಕಿಲ್ಲ. ವೈದ್ಯಕೀಯ ಸಲಕರಣೆ ಮಾರುವ ಅಂಗಡಿಯಲ್ಲಿ ಕಮೋಡ್ ಸ್ಟೂಲ್ ಸಿಗುತ್ತದೆ. ನಾಲ್ಕು ಕಾಲು, ನಡುವೆ ತೂತಿರುವ ಸೀಟು, ಈಗಿರುವ ಬೇಸಿನ್ನಿನ ಮೇಲೆ ಇಟ್ಟರಾಯಿತು. ಕೊಳ್ಳುವ ಮುಂಚೆ ಬೇಸಿನ್ನಿನ ಎರಡು ಪಕ್ಕದ ನೆಲ ಅಳೆದುಕೊಂಡು ಹೋಗಿ. ಕಾಲುಗಳು ಸಮತಟ್ಟಾದ ನೆಲದ ಮೇಲೆ ನಿಲ್ಲಬೇಕು, ಮೆಟ್ಟಿಲ ಅಂಚಿನ ಮೇಲಲ್ಲ. ಕೈ ಹಿಡಿ ಇರುವುದನ್ನೇ ತನ್ನಿ, ಕಾಲಿನ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿಕೊಳ್ಳಿ. ಒದ್ದೆ ಗ್ರಾನೈಟಿನ ಮೇಲೆ ಬುಷ್ ಇಲ್ಲದ ಸ್ಟೀಲಿನ ಕಾಲು ಜಾರುತ್ತದೆ. ಚಿಗವ್ವ ಬರುವ ಮುಂಚೆ ಮನೆಯಲ್ಲಿ ಭಾರವಾಗಿರುವವರು ಒಮ್ಮೆ ಕೂತು, ಒಂದೇ ಕೈ ಮೇಲೆ ಭಾರ ಹಾಕಿ ಎದ್ದು ನೋಡಿ.

ಗೋಡೆಗೆ ಒಂದು ಅಡಿಯ ಸ್ಟೀಲ್ ಹಿಡಿಕೆಯನ್ನು ಆಂಕರ್ ಬೋಲ್ಟಿನಿಂದ ಹಾಕಿಸಿ. ಟೈಲ್ಸಿಗೆ ಗಾಳಿಯಿಂದ ಅಂಟುವ ಹಿಡಿಕೆ ನಂಬಬಾರದು, ಟವೆಲ್ಲಿನ ರಾಡನ್ನಂತೂ ನಂಬಲೇಬಾರದು. ವಯಸ್ಸಾದವರು ಎಡವಿದಾಗ ಕೈ ಹೋಗುವುದೇ ಆ ರಾಡಿಗೆ, ಅದು ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲಿನ ಬದಲು ಬೆನ್ನು ಆನಿಸುವ ಕುರ್ಚಿ ಇಡಿ, ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲೆ ಏರಿಸಿದರೆ ಬಗ್ಗುವುದು ತಪ್ಪುತ್ತದೆ. ಚಿಲಕ ಹಾಕಬೇಡಿ ಎಂದರೆ ಹಿರಿಯರಿಗೆ ಸಂಕೋಚ. ಬಾಗಿಲ ಹೊರಗೆ ಒಂದು ಟವೆಲ್ ನೇತುಹಾಕಿದರೆ ಒಳಗೆ ಜನ ಇದ್ದಾರೆಂದು ಅರ್ಥ ಎಂದು ಮನೆಯವರೆಲ್ಲ ಒಪ್ಪಿಕೊಳ್ಳಿ.

ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಹಾಸಿಗೆ ಸೇರಿ 18ರಿಂದ 20 ಇಂಚು ಎತ್ತರ ಹೆಚ್ಚಿನವರಿಗೆ ಸರಿಹೋಗುತ್ತದೆ. ನೆಲದಲ್ಲಿ ಮಲಗಿಸಬೇಡಿ, ಅವರು "ನನಗ ನೆಲಾನ ರೂಢಿ" ಎಂದರೂ ಕೇಳಬೇಡಿ. ಮಂಚದಿಂದ ಬಚ್ಚಲಿನವರೆಗಿನ ದಾರಿಯಲ್ಲಿರುವ ತೆಳು ಕಾಲೊರಸು, ಕೌದಿಯ ತುಂಡು, ಚಾರ್ಜರ್ ವೈರು ಎಲ್ಲ ತೆಗೆದಿಟ್ಟು ಎರಡು ಕಡೆ ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪ ಹಾಕಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಜುಲೈನಲ್ಲಿ ತಂಗಿ ಎರಡು ತಿಂಗಳ ಕೂಸಿನೊಂದಿಗೆ ಬರುತ್ತಾಳೆ, ಜೊತೆಗೆ ಬೀಗರೂ ಬರುತ್ತಾರೆ. ಹೊದಿಕೆ, ಹಾಸಿಗೆಗಳಿಗೆ ಬೂಷ್ಟು ವಾಸನೆ. ನುಸಿಗುಳಿಗೆ ಹಾಕಿಟ್ಟರೆ ಸಾಕೇ?

ಕೂಸು ಬರುವ ಮನೆಯಲ್ಲಿ ನುಸಿಗುಳಿಗೆ ಬೇಡ. ಅದು ನಾಫ್ತಲಿನ್. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ನಮ್ಮಲ್ಲಿ ಅದನ್ನು ಎಲ್ಲ ಮಕ್ಕಳಲ್ಲೂ ಪರೀಕ್ಷಿಸಿರುವುದಿಲ್ಲ. ಅಂಥ ಕೂಸನ್ನು ಈ ಗುಳಿಗೆಯೊಂದಿಗೆ ಇಟ್ಟ ಬಟ್ಟೆಯಲ್ಲಿ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಈಗಾಗಲೇ ಗುಳಿಗೆ ಹಾಕಿದ್ದ ಬಟ್ಟೆಗಳನ್ನು ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹರವಿ. ಕೂಸಿಗೆ ಹೊದಿಸುವುದಕ್ಕೆ ಹಳೇ ಮೃದು ಹತ್ತಿ ಸೀರೆಯ ಬಟ್ಟೆಯನ್ನು ಬೇರೆಯಾಗಿ ಒಗೆದು ಒಣಗಿಸಿ. ಪೆಟ್ಟಿಗೆಯ ಹುಳುಗಳಿಗೆ ಒಣಗಿಸಿದ ಲಕ್ಕಿಸೊಪ್ಪು, ಬೇವಿನ ಸೊಪ್ಪು ಇಡುವ ಹಳೇ ರೂಢಿಯೇ ಸಾಕು.

ಬೂಷ್ಟು ಬರುವುದು ಬಟ್ಟೆ ಕೊಳೆಯಾಗಿದ್ದಕ್ಕಲ್ಲ, ಒಳಗೆ ತೇವ ಸಿಕ್ಕಿಕೊಂಡಿದ್ದಕ್ಕೆ. ನೆಂಟರು ಬರುವ ಐದಾರು ದಿನ ಮುಂಚೆಯೇ ಹಾಸಿಗೆ ಹೊರತೆಗೆದು ಗೋಡೆಗೆ ತಾಗದಂತೆ ನಿಲ್ಲಿಸಿ, ಫ್ಯಾನ್ ಹಾಕಿ, ದಿನಕ್ಕೆರಡು ಸಲ ಮಗ್ಗಲು ಬದಲಿಸಿ. ಮೇಲಿನ ಬಿಳಿ ಹುಡಿಯನ್ನು ಮನೆಯ ಒಳಗೆ ಕೊಡವಬೇಡಿ, ಜಗಲಿಯಲ್ಲಿ ಒಣ ಬ್ರಷ್‌ನಿಂದ ಉಜ್ಜಿ. ಹೊದಿಕೆ, ಕಂಬಳಿಗಳನ್ನು ಬಚ್ಚಲ ಒಲೆಯ ಕೋಣೆಯಲ್ಲಿ ಎತ್ತರಕ್ಕೆ ಹಗ್ಗ ಕಟ್ಟಿ ಒಂದೇ ಪದರವಾಗಿ ಹರಡಿದರೆ ಎರಡು ದಿನಕ್ಕೆ ಗರಿಗರಿಯಾಗುತ್ತವೆ. ಉರಿಯಿಂದ ದೂರ ಇರಲಿ. ಹತ್ತಿಯ ಹಾಸಿಗೆಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಹತ್ತಿ ಉಂಡೆಗಟ್ಟಿ, ತಣ್ಣಗೆ ಕೈಗೆ ತಗುಲಿದರೆ ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಅದನ್ನು ಬದಿಗಿಟ್ಟು ಎರಡು ಜಮಖಾನದ ಮೇಲೆ ಒಣ ಕಂಬಳಿ ಹಾಸಿಕೊಡಿ.

ಇನ್ನೊಂದು ಮಾತು ನೀವು ಕೇಳದಿದ್ದರೂ ಹೇಳಬೇಕು. ಜಾಗ ಸಾಲದೆ ಜಗಲಿಯಲ್ಲಿ, ನೆಲದಲ್ಲಿ ಮಲಗುವವರಿಗೆ ಕಟ್ಟುಹಾವಿನ ಭಯ ಇದ್ದೇ ಇದೆ. ಅದು ರಾತ್ರಿ ಸಂಚರಿಸುವ ಹಾವು, ಕಚ್ಚಿದ್ದು ನೋಯುವುದೂ ಅಪರೂಪ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸೊಳ್ಳೆಪರದೆ ಕಟ್ಟಿ, ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿ. ಸೊಳ್ಳೆ, ಹಾವು ಎರಡಕ್ಕೂ ಅದೇ ತಡೆ. ತಿಂಗಳುಗಟ್ಟಲೆ ಮಡಿಸಿಟ್ಟ ಹಾಸಿಗೆ ರಾಶಿಯನ್ನು ಹಗಲಲ್ಲೇ, ಕೋಲಿನಿಂದ ಬಿಡಿಸಿ.

ಪ್ರಶ್ನೆ: ಹತ್ತು ಜನರ ಬೆಳಗಿನ ತಿಂಡಿಗೆ ಇಡ್ಲಿಯ ಅಳತೆ ತಿಳಿಸಿ. ಬಂದವರಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ.

300 ಗ್ರಾಂ ಉದ್ದಿನಬೇಳೆ, 600 ಗ್ರಾಂ ಇಡ್ಲಿ ರವೆ. ಇದಕ್ಕೆ 40ರಿಂದ 45 ಇಡ್ಲಿ ಬರುತ್ತವೆ. ಬೇಳೆ ನಾಲ್ಕು ಗಂಟೆ ನೆನೆಯಲಿ, ತಣ್ಣೀರು ಚಿಮುಕಿಸುತ್ತಾ ರುಬ್ಬಿ. ನೀರಿಗೆ ಒಂದು ಹನಿ ಬಿಟ್ಟರೆ ತೇಲಬೇಕು. ನೆನೆಸಿದ ರವೆಯನ್ನು ಗಟ್ಟಿಯಾಗಿ ಹಿಂಡಿ ಬೆರೆಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ ಬೆಳಿಗ್ಗೆ ಹಿಟ್ಟು ಕಟ್ಟೆಯ ಮೇಲಿರುತ್ತದೆ. ಮಂಗಳೂರಿನ ಸೆಕೆಗೆ ಏಳೆಂಟು ಗಂಟೆಯಲ್ಲಿ ಹುದುಗುವ ಹಿಟ್ಟಿಗೆ ಬೆಂಗಳೂರಿನ ಚಳಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ಗಂಟೆ ಬೇಕು, ಸಂಜೆ ಐದಕ್ಕೇ ರುಬ್ಬಿಡಿ. ಚಟ್ನಿಗೆ ಒಂದು ತೆಂಗಿನಕಾಯಿ, ಎರಡು ಹಿಡಿ ಹುರಿಗಡಲೆ. ಸಾಂಬಾರಿಗೆ 250 ಗ್ರಾಂ ತೊಗರಿಬೇಳೆ. ಹತ್ತು ಲೋಟ ಕಾಫಿಗೆ 60 ಗ್ರಾಂ ಪುಡಿಗೆ 400 ಮಿಲಿ ಕುದಿನೀರು ಹಾಕಿ ರಾತ್ರಿಯೇ ಡಿಕಾಕ್ಷನ್ ಇಳಿಸಿಡಿ. ಹಾಲು ಒಂದು ಸುತ್ತಿಗೆ ಒಂದು ಲೀಟರ್, ಸಕ್ಕರೆ ಬೇರೆಯಾಗಿ.

ಸಕ್ಕರೆ ಕಾಯಿಲೆಯವರಿಗೆ ಏನು ಬಡಿಸುತ್ತೀರಿ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಬಡಿಸುತ್ತೀರಿ ಎನ್ನುವುದನ್ನು ಮೊದಲು ನೋಡಿ. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಮಂಗಳಾರತಿ ಆಗಲೆಂದು ಕಾದು ಕೂತರೆ ಸಕ್ಕರೆ ಇಳಿದು ಬೆವರು, ನಡುಕ ಬರುತ್ತದೆ. ಅವರ ಹೊತ್ತನ್ನು ಹಿಂದಿನ ದಿನವೇ ಕೇಳಿಟ್ಟುಕೊಂಡು, ಪೂಜೆ ತಡವಾದರೆ ಒಳಗೆ ಕರೆದು ತಿಂಡಿ ಕೊಟ್ಟುಬಿಡಿ. ಇನ್ಸುಲಿನ್ ಫ್ರಿಜ್ಜಿನ ಕೆಳಭಾಗದಲ್ಲಿರಲಿ, ಫ್ರೀಜರಿಗೆ ಹೋದರೆ ಕೆಟ್ಟಿತು.

ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವುದಾದರೆ ಕುಕ್ಕರಿನಲ್ಲೇ ಬಿಡಬೇಡಿ. ತಟ್ಟೆಯಲ್ಲಿ ಹರವಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಅನ್ನ ಬೆಂದರೂ ಸಾಯದ ಒಂದು ಬ್ಯಾಕ್ಟೀರಿಯಾ ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಒಗ್ಗರಣೆ ಹಾಕಿ ಬಿಸಿಮಾಡಿದರೆ ಆ ವಿಷ ಹೋಗುವುದಿಲ್ಲ, ಪ್ರಯಾಣದ ದಾರಿಯಲ್ಲಿ ವಾಂತಿ ಶುರುವಾಗುತ್ತದೆ.

ಪ್ರಶ್ನೆ: ದಸರಾ ನೋಡಲು ಮಗನ ಅಮೆರಿಕದ ಸಹೋದ್ಯೋಗಿ ಮೈಸೂರಿನ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಪೊಲೀಸರಿಗೆ ತಿಳಿಸಬೇಕೇ?

ಹೋಟೆಲಿಗೆ ಮಾತ್ರವಲ್ಲ, ವಿದೇಶಿಯರನ್ನು ಉಳಿಸಿಕೊಳ್ಳುವ ಮನೆಯವರಿಗೂ ಈ ಹೊಣೆ ಇದೆ. ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ, ಅಂದರೆ ಎಫ್‌ಆರ್‌ಆರ್‌ಒದ, ಆನ್‌ಲೈನ್ ಪುಟದಲ್ಲಿ ವಿವರ ತುಂಬಬೇಕು. ಮೊದಲ ಸಲ ಮನೆಯನ್ನು ನೋಂದಾಯಿಸಿ ಲಾಗಿನ್ ಪಡೆಯಬೇಕಾದ್ದರಿಂದ ಎರಡು ವಾರ ಮುಂಚೆಯೇ ಶುರುಮಾಡಿ. ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿಯನ್ನು ಅವರಿಂದ ಮೊದಲೇ ತರಿಸಿಕೊಳ್ಳಿ. ಬಚ್ಚಲಿನಲ್ಲಿ ಒಂದು ಸುರುಳಿ ಟಾಯ್ಲೆಟ್ ಪೇಪರ್ ಇಡಿ. ಕುಡಿಯಲು ಶುದ್ಧೀಕರಿಸಿದ ನೀರನ್ನೇ ಬಾಟಲಿಗೆ ತುಂಬಿ ಕೋಣೆಯಲ್ಲಿಡಿ.

ಪ್ರಶ್ನೆ: ನೆಂಟರು ಹೋದ ಒಂದು ವಾರಕ್ಕೆ ಮಂಚದಲ್ಲಿ ತಿಗಣೆ ಕಾಣಿಸಿದೆ. ಸೀಮೆಎಣ್ಣೆ ಸುರಿದು ಬಿಸಿಲಿಗೆ ಹಾಕಿದರೆ ಹೋಗುತ್ತದೆಯೇ?

ಸೀಮೆಎಣ್ಣೆ ಬೆಂಕಿಗೆ ದಾರಿ. ಅದಕ್ಕಿಂತ ಘೋರವಾದದ್ದು ಕಾಳಿನ ಡಬ್ಬಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಲಗುವ ಕೋಣೆಯಲ್ಲಿಡುವುದು. ಅದರಿಂದ ಬರುವ ಫಾಸ್ಫೀನ್ ಅನಿಲ ತಿಗಣೆಗಿಂತ ಮೊದಲು ಮನುಷ್ಯರನ್ನು ಕೊಲ್ಲುತ್ತದೆ, ಪಕ್ಕದ ಮನೆಯವರನ್ನೂ. ಯಾರು ಹೇಳಿದರೂ ತರಬೇಡಿ.

ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಬಿಡಿಸುತ್ತಾ ಒಂದೊಂದೇ ಅಡಿ ನೋಡಿ. ಪೆನ್ನಿನ ಮಸಿ ಚುಕ್ಕಿ ಇಟ್ಟಂತೆ ಕಪ್ಪು ಕಲೆ, ಸುಲಿದ ಕಂದು ಪೊರೆ, ಎಳ್ಳಿಗಿಂತ ಚಿಕ್ಕ ಬಿಳಿ ಮೊಟ್ಟೆ ಕಾಣುತ್ತವೆ. ಮಂಚದ ಕೀಲು, ಸ್ಕ್ರೂ ತೂತು, ತಲೆ ಕಡೆಯ ಹಲಗೆಯ ಹಿಂಭಾಗ, ಸ್ವಿಚ್ ಬೋರ್ಡಿನ ಸಂದಿಗಳನ್ನೂ ನೋಡಿ. ಹೊದಿಕೆ, ಕವರುಗಳನ್ನು ಕೋಣೆಯಲ್ಲೇ ಚೀಲಕ್ಕೆ ಕಟ್ಟಿ ಒಯ್ದು 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಹೊಲಿಗೆ, ಕೀಲುಗಳಿಗೆ ಸ್ಟೀಮ್ ಹಿಡಿಯಿರಿ. ನಿಧಾನವಾಗಿ ಸಾಗಿ, ಬೇಗ ಎಳೆದರೆ ಬಿಸಿ ಒಳಗಿಳಿಯುವುದಿಲ್ಲ. ಬಿಸಿಲಿಗೆ ಹಾಸಿಗೆಯ ಮೇಲ್ಮೈಯಷ್ಟೇ ಕಾಯುತ್ತದೆ, ತಿಗಣೆ ಒಳಗೆ ಸರಿದುಕೊಳ್ಳುತ್ತದೆ.

ಮೊಟ್ಟೆ ಒಡೆಯಲು ಸುಮಾರು ಹತ್ತು ದಿನ ಬೇಕು, ಹೆಚ್ಚಿನ ಔಷಧಕ್ಕೆ ಮೊಟ್ಟೆ ಜಗ್ಗುವುದಿಲ್ಲ. ಆದ್ದರಿಂದ ಕೀಟ ನಿಯಂತ್ರಣದವರನ್ನು ಕರೆಸಿದರೆ ಎರಡನೇ ಸಲ ಹತ್ತರಿಂದ ಹದಿನೈದು ದಿನದೊಳಗೆ ಬರುವ ಕರಾರು ಮಾಡಿಕೊಳ್ಳಿ. ಕೋಣೆ ಖಾಲಿ ಬಿಟ್ಟು ಉಪವಾಸ ಕೆಡವುತ್ತೇವೆಂದರೆ ಆಗದು, ಬೆಳೆದ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ನೆಂಟರಿಗೂ ಫೋನ್ ಮಾಡಿ ತಿಳಿಸಿ. ತಿಗಣೆ ಸ್ಲೀಪರ್ ಬಸ್ಸಿನಿಂದಲೋ ಲಾಡ್ಜಿನಿಂದಲೋ ಅವರ ಬ್ಯಾಗಿಗೆ ಹತ್ತಿರಬಹುದು, ಅವರ ಮನೆಗೂ ಹೋಗಿರಬಹುದು. ಮುಂದೆ ಯಾರು ಬಂದರೂ ಬ್ಯಾಗನ್ನು ಹಾಸಿಗೆಯ ಮೇಲೆ ಇಡಿಸದೆ, ಗೋಡೆಯಿಂದ ಒಂದು ಅಡಿ ಬಿಟ್ಟು ಕುರ್ಚಿಯ ಮೇಲೆ ಇಡಲು ಜಾಗ ಮಾಡಿಕೊಡಿ.